ಡ್ಯೂಡ್ ಅಂದ್ರೆ ನಿಜವಾಗ್ಲೂ ಏನರ್ಥ? ಹೆಣ್ಮಕ್ಕಳಿಗೂ ಹಂಗೆ ಕರೀತಾರಾ?

ಮೆಟ್ಲುಹತ್ತೋಳು (ಕುವೆಂಪುನಗರ, ಮೈಸೂರು)

ಎಲ್ರಿಗೂ ನಮಸ್ಕಾರ. ಸುಮಾರು ದಿನದಿಂದ ಒಂದು ಡೌಟು ತಲೆ ತಿಂತಾ ಇದೆ, ಇಲ್ಲಿ ತಿಳಿದೋರು ಇದ್ದೀರ ಅಂತ ಕೇಳ್ತಿದ್ದೀನಿ. ನಾನು ಮೈಸೂರಲ್ಲೇ ಒಂದು ಕಂಪನೀಲಿ ಕೆಲಸ ಮಾಡೋದು, ಸಂಜೆ ಆದ್ರೆ ಅಮೆರಿಕದ ಟೀಮ್ ಜೊತೆ ಕಾಲ್ ಇರುತ್ತೆ. ಅಲ್ಲಿ ಒಬ್ರು ಲೀಡ್ ಇದ್ದಾರೆ, ಮಾತು ಮಾತಿಗೂ ಡ್ಯೂಡ್ ಅಂತಾರೆ. ಗಂಡುಮಕ್ಕಳಿಗೆ ಅಂದ್ರೆ ಸರಿ ಅನ್ಕೋಬಹುದು, ನನಗೂ ಅದೇ. ಮೊನ್ನೆ ಈ ರಿಲೀಸ್ ಮುಂದಿನ ವಾರಕ್ಕೆ ಹಾಕೋಣ ಅಂತ ನಾನು ಚಾಟಲ್ಲಿ ಬರೆದೆ, ಅದಕ್ಕೆ ಬಂದ ಉತ್ತರ ಬರೀ "ಡ್ಯೂಡ್." ಅಂತ, ಪಕ್ಕದಲ್ಲಿ ಒಂದು ಫುಲ್‌ಸ್ಟಾಪು. ಅಷ್ಟೇ. ಬೈದಿದ್ದಾ, ಬೇಜಾರಾ, ತಮಾಷೆನಾ ಒಂದೂ ಗೊತ್ತಾಗ್ಲಿಲ್ಲ, ರಾತ್ರಿ ಊಟ ಮಾಡ್ತಾನೂ ಅದೇ ಯೋಚನೆ.

ಇದರ ಮಧ್ಯೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಒಂದು ಫಾರ್ವರ್ಡ್ ಬಂತು, ಡ್ಯೂಡ್ ಅಂದ್ರೆ ಆನೆಯ ಹಿಂಭಾಗದ ಕೂದಲು, ಇನ್ಮೇಲೆ ಯಾರನ್ನೂ ಹಂಗೆ ಕರೀಬೇಡಿ ಅಂತ. ದೊಡ್ಡಪ್ಪ ಅದನ್ನ ಓದಿ ನನ್ನ ತಮ್ಮನಿಗೆ ಸರಿಯಾಗಿ ಕ್ಲಾಸ್ ತಗೊಂಡ್ರು. ಇದು ನಿಜಾನಾ? ಈ ಪದ ಎಲ್ಲಿಂದ ಬಂತು, ಯಾರು ಯಾರಿಗೆ ಹೇಳಬಹುದು, ಬಲ್ಲೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಹಳೇಮೇಷ್ಟ್ರು (ಸರಸ್ವತಿಪುರಂ)

ನೋಡಮ್ಮ, ಮೊದ್ಲು ಆ ಆನೆ ಕೂದಲಿನ ಕಥೆ ಮುಗಿಸಿಬಿಡೋಣ. ಅದು ಅಪ್ಪಟ ಸುಳ್ಳು. ಅದೇ ಫಾರ್ವರ್ಡು ಒಂದ್ಸಲ ಆನೆ ಅನ್ನುತ್ತೆ, ಇನ್ನೊಂದ್ಸಲ ಒಂಟೆ ಅನ್ನುತ್ತೆ, ಅದರಲ್ಲೇ ಅದರ ಯೋಗ್ಯತೆ ಗೊತ್ತಾಗುತ್ತೆ. ನಾನು ಜೀವಮಾನವೆಲ್ಲಾ ಇಂಗ್ಲಿಷ್ ಪಾಠ ಮಾಡಿದೋನು, ಒಳ್ಳೆ ನಿಘಂಟು ಯಾವುದನ್ನ ತೆಗೆದ್ರೂ ಆ ಅರ್ಥ ಇಲ್ಲ. ದಸರಾ ಆನೆಗಳನ್ನ ನೋಡ್ಕೊಂಡು ಬೆಳೆದ ಊರು ನಮ್ಮದು, ಬಾಲದ ಕೂದಲಿನ ಉಂಗುರ ಹಾಕಿದ್ರೆ ಭಯ ಹೋಗುತ್ತೆ ಅನ್ನೋ ನಂಬಿಕೆನೂ ನಮ್ಮಲ್ಲಿ ಇತ್ತು (ಅದನ್ನ ಮಾರೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಯಾರೂ ಕೊಳ್ಳೋಕೆ ಹೋಗ್ಬೇಡಿ), ಆದ್ರೆ ಆ ಕೂದಲಿಗೂ ಈ ಪದಕ್ಕೂ ಎಳ್ಳಷ್ಟೂ ಸಂಬಂಧ ಇಲ್ಲ.

ಈಗ ನಿಜವಾದ ಕಥೆ. ಈ ಪದಕ್ಕೆ ರೆಕ್ಕೆ ಬಂದಿದ್ದು ನ್ಯೂಯಾರ್ಕಲ್ಲಿ, 1883ರಲ್ಲಿ. ಆ ವರ್ಷ ಜನವರಿಯಲ್ಲಿ ವರ್ಲ್ಡ್ ಅನ್ನೋ ಪತ್ರಿಕೇಲಿ ಡ್ಯೂಡ್‌ಗಳನ್ನ ಆಡ್ಕೊಂಡು ಒಂದು ಪದ್ಯ ಬಂತು, ಅದಾದ ಕೆಲವೇ ತಿಂಗಳಲ್ಲಿ ಪತ್ರಿಕೆಗಳ ತುಂಬಾ ಅದೇ ಮಾತು, ವ್ಯಂಗ್ಯಚಿತ್ರಗಳ ತುಂಬಾ ಅದೇ ಆಸಾಮಿ. ಯಾರಪ್ಪಾ ಅಂದ್ರೆ ಕಾಲಿಗೆ ಅಂಟಿಕೊಂಡ ಬಿಗಿ ಪ್ಯಾಂಟು, ಕತ್ತು ತಿರುಗಿಸೋಕಾಗದಷ್ಟು ಎತ್ತರದ ಕಾಲರ್ರು, ಕೈಯಲ್ಲೊಂದು ಬೆತ್ತ, ಬಾಯಲ್ಲಿ ಸಿಗರೇಟು, ಹುಟ್ಟಿದ್ದು ಅಮೆರಿಕದಲ್ಲಾದ್ರೂ ಮಾತು ನಡಿಗೆ ಎಲ್ಲ ಇಂಗ್ಲೆಂಡಿನ ಸಾಹೇಬರ ನಕಲು. ಅಪ್ಪನ ದುಡ್ಡಲ್ಲಿ ಮೆರೆಯೋ ಹುಡುಗ್ರು. ನಮ್ಮ ಭಾಷೇಲಿ ಹೇಳಬೇಕು ಅಂದ್ರೆ ಶೋಕಿಲಾಲ. ಆಗ ಅಧ್ಯಕ್ಷರಾಗಿದ್ದ ಚೆಸ್ಟರ್ ಆರ್ಥರ್ ಅವರಿಗೆ ಬಟ್ಟೆ ಮೇಲೆ ಪ್ರೀತಿ ಜಾಸ್ತಿ, ಹಾಗಾಗಿ ಅವರಿಗೇ ಡ್ಯೂಡ್ ಅಧ್ಯಕ್ಷ ಅಂತ ಅಡ್ಡಹೆಸರು ಬಿತ್ತು. ಅಂದ್ರೆ ಶುರುವಿನಲ್ಲಿ ಇದು ಬೈಗುಳ ಅಲ್ಲದಿದ್ರೂ ಲೇವಡಿ ಮಾತಂತೂ ಹೌದು.

ಗಂಗೋತ್ರಿಭಾಷೆ (ಮಾನಸಗಂಗೋತ್ರಿ)

ಮೇಷ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೀನಿ ಸರ್. ಪದದ ಮೂಲ ಹುಡುಕಿದೋರಲ್ಲಿ ಬ್ಯಾರಿ ಪೋಪಿಕ್ ಮತ್ತು ಜೆರಾಲ್ಡ್ ಕೊಹೆನ್ ಮುಖ್ಯ, ವರ್ಷಾನುಗಟ್ಟಲೆ ಹಳೇ ಪತ್ರಿಕೆ ಜಾಲಾಡಿದ್ದಾರೆ. ಅವರ ಪ್ರಕಾರ ಇದು "ಯಾಂಕೀ ಡೂಡಲ್" ಅನ್ನೋ ಅಮೆರಿಕದ ಹಳೇ ಹಾಡಿನ ಡೂಡಲ್ ಅನ್ನೋದರಿಂದ ಬಂದಿದ್ದು. ಆ ಹಾಡಲ್ಲಿ ಒಬ್ಬ ಹಳ್ಳಿ ಗಮಾರ ಟೋಪಿಗೆ ಒಂದು ಪುಕ್ಕ ಸಿಕ್ಕಿಸ್ಕೊಂಡು ಇದೇ ದೊಡ್ಡ ಫ್ಯಾಷನ್ನು ಅಂತಾನಲ್ಲ, ಅವನೇ ಈ ಡ್ಯೂಡಿನ ತಾತ.

ಸರಿ, ಲೇವಡಿ ಮಾತು ಸ್ನೇಹದ ಮಾತು ಹೆಂಗಾಯ್ತು ಅನ್ನೋದು ನನಗೆ ಇದರಲ್ಲಿ ಬಹಳ ಇಷ್ಟವಾದ ಭಾಗ. 1930, 40ರ ದಶಕದಲ್ಲಿ ಅಮೆರಿಕದ ಕರಿಯ ಹುಡುಗ್ರು ಮತ್ತೆ ಮೆಕ್ಸಿಕನ್ ಮೂಲದ ಹುಡುಗ್ರು ಝೂಟ್ ಸೂಟ್ ಅಂತ ದೊಗಳೆ ಪ್ಯಾಂಟು ಉದ್ದನೆ ಕೋಟು ಹಾಕ್ಕೊಂಡು ಓಡಾಡೋರು. ಅವರೂ ಬಟ್ಟೆ ಬಗ್ಗೆ ಜೀವ ಬಿಡೋರೇ. ಅವರು ತಮ್ಮ ತಮ್ಮಲ್ಲೇ ಡ್ಯೂಡ್ ಅಂತ ಕರಕೊಳ್ಳೋಕೆ ಶುರು ಮಾಡಿದ್ರು, ಅಂದ್ರೆ ಬೇರೆಯವರು ಆಡ್ಕೊಳ್ಳೋ ಮಾತನ್ನ ನಮ್ಮವನು ಅನ್ನೋ ಅರ್ಥಕ್ಕೆ ತಿರುಗಿಸ್ಕೊಂಡ್ರು. ಆಮೇಲೆ 60ರ ದಶಕದ ಹಿಪ್ಪಿ ಕಾಲ, ಕ್ಯಾಲಿಫೋರ್ನಿಯಾದ ಕಡಲ ಅಲೆ ಮೇಲೆ ಹಲಗೆ ಹಾಕ್ಕೊಂಡು ಜಾರೋ ಸರ್ಫರ್ ಹುಡುಗ್ರು, ಅಲ್ಲಿಂದ 80ರ ದಶಕದಲ್ಲಿ ಇಡೀ ಅಮೆರಿಕದ ಹದಿಹರೆಯದವರ ಬಾಯಿಗೆ ಬಂತು. ನಮಗೆ ಟೀವಿ ಇಂಟರ್ನೆಟ್ಟಲ್ಲಿ ಸಿಕ್ಕಿದ್ದು ಈ ಕೊನೇ ಅವತಾರ.

ಕಬ್ಬಿನಗದ್ದೆಹೈದ (ಮಂಡ್ಯ)

ಅಕ್ಕೋ ಒಂದ್ ಮಾತು. ಮೇಷ್ಟ್ರು ಶೋಕಿಲಾಲ ಅಂದ್ರಲ್ಲ, ನಮ್ ಕಡೆ ಇವತ್ಗೂ ಡ್ಯೂಡ್ ಅಂದ್ರೆ ಅದೇ ಅರ್ಥ ಕಣಕ್ಕ. ಯಾರಾರ ಹೊಸ ಶರ್ಟು ಕೂಲಿಂಗ್ ಗ್ಲಾಸು ಹಾಕ್ಕೊಂಡ್ ಬಂದ್ರೆ "ಏನ್ಲಾ ಒಳ್ಳೆ ಡ್ಯೂಡ್ ಆಗ್ಬುಟ್ಟಿದೀಯಾ" ಅಂತೀವಿ, ಕರಿಯಕ್ಕೆ ಯಾರೂ ಡ್ಯೂಡ್ ಅನ್ನಲ್ಲ, ಕರಿಯಕ್ಕೆ ಮಗಾ ಐತೆ ಸಿವಾ ಐತೆ ಗುರು ಐತೆ. ಅಮೆರಿಕದೋರು ಬುಟ್ಟುಬುಟ್ಟಿರೋ ಹಳೇ ಅರ್ಥ ಮಂಡ್ಯದಲ್ಲಿ ಉಳ್ಕೊಂಡೈತೆ ಅಂದಂಗಾಯ್ತು.

ಗಂಗೋತ್ರಿಭಾಷೆ

ಇದು ಸೂಪರ್ ಪಾಯಿಂಟ್ ಗುರು. ಅಲ್ಲೂ ಪೂರ್ತಿ ಬಿಟ್ಟಿಲ್ಲ, ಚೆನ್ನಾಗಿ ಡ್ರೆಸ್ ಮಾಡ್ಕೊಂಡು ಬಂದ್ರೆ "ಡ್ಯೂಡೆಡ್ ಅಪ್" ಅನ್ನೋ ಮಾತು ಇವತ್ತಿಗೂ ಇದೆ. ಇನ್ನೊಂದು ವಿಷಯ ನಿಮಗೆ ಇಷ್ಟ ಆಗಬಹುದು. ಅಮೆರಿಕದ ಪಶ್ಚಿಮ ಭಾಗದಲ್ಲಿ ದನ ಮೇಯಿಸೋ ಕೌಬಾಯ್‌ಗಳು ಊರಿಂದ ಬಂದ ಸಿಟಿಯವರನ್ನೆಲ್ಲ ಡ್ಯೂಡ್ ಅಂತಿದ್ರು, ಕುದುರೆ ಏರೋಕೆ ಬರದ, ಕೆಸರು ಕಂಡ್ರೆ ಹಿಂದೆ ಸರಿಯೋ ಜನ ಅನ್ನೋ ಅರ್ಥದಲ್ಲಿ. ಆಮೇಲೆ ಆ ಸಿಟಿಯವರೇ ದುಡ್ಡು ಕೊಟ್ಟು ಬಂದು ಕುದುರೆ ಹತ್ತಿ, ದನ ಅಟ್ಟಿ ಖುಷಿ ಪಡೋಕೆ ಶುರು ಮಾಡಿದ್ರು, ಅಂಥ ಜಾಗಕ್ಕೆ ಡ್ಯೂಡ್ ರ‍್ಯಾಂಚ್ ಅಂತಲೇ ಹೆಸರಾಯ್ತು. ಈಟನ್ ಅನ್ನೋ ಅಣ್ಣ ತಮ್ಮಂದಿರು ಡಕೋಟಾದಲ್ಲಿ ಶುರು ಮಾಡಿ 1904ರಲ್ಲಿ ವಯೋಮಿಂಗ್‌ಗೆ ಹೋದ್ರು, 1926ರ ಹೊತ್ತಿಗೆ ಡ್ಯೂಡ್ ರ‍್ಯಾಂಚಿನವರದ್ದೇ ಒಂದು ಸಂಘ ಕಟ್ಟಿಕೊಂಡಿದ್ರು.

ಕಬ್ಬಿನಗದ್ದೆಹೈದ

ಇದು ನಮ್ ಆಲೆಮನೆ ಕತೆನೇ! ಶನಿವಾರ ಭಾನುವಾರ ಬಂತು ಅಂದ್ರೆ ಬೆಂಗಳೂರ್ನೋರು ಕಾರಲ್ಲಿ ಬತ್ತಾರೆ, ಬೆಳ್ಳಗಿರೋ ಶೂ ಹಾಕ್ಕೊಂಡಿರ್ತಾರೆ, ಕಬ್ಬಿನ ಸಿಪ್ಪೆ ಮೇಲೆ ಕಾಲಿಡಕ್ಕೂ ಯೋಚ್ನೆ ಮಾಡ್ತಾರೆ, ಕೊಪ್ಪರಿಗೆ ಅತ್ರ ಓಗಿ ಫೋಟೋ ಇಡ್ಕೊಂಡು ಹೊಗೆ ಬಂದ್ರೆ ಕೆಮ್ಮುಕೊಂಡು ಈಚ್ಗೆ ಓಡ್ತಾರೆ. ಆದ್ರೆ ಬಿಸಿ ಬೆಲ್ಲ ಎಲೆ ಮೇಲೆ ಆಕ್ಕೊಟ್ರೆ ಅವ್ರು ತಿನ್ನೋ ಖುಷಿ ನೋಡ್ಬೇಕು. ನಮ್ಮಪ್ಪ ಅವ್ರನ್ನ ಪ್ಯಾಟೆಯೋರು ಅಂತಾರೆ, ಆ ಕೌಬಾಯ್ ಡ್ಯೂಡ್ ಅಂದಂಗೆ.

ಸ್ಯಾನ್‌ಹೊಸೆಮೈಸೂರಿಗ

ನಾನು ಹುಟ್ಟಿ ಬೆಳೆದಿದ್ದು ವಿದ್ಯಾರಣ್ಯಪುರಂ, ಈಗ ಇರೋದು ಕ್ಯಾಲಿಫೋರ್ನಿಯಾ, ದಿನಾ ಬೆಳಗ್ಗೆಯಿಂದ ಸಂಜೆ ತನಕ ಈ ಪದ ಕಿವಿಗೆ ಬೀಳ್ತಾನೇ ಇರುತ್ತೆ. ಚರಿತ್ರೆ ಎಲ್ಲ ಚೆನ್ನಾಗಿದೆ ಆದ್ರೆ ಮೇಡಂ ಕೇಳಿದ್ದು ಆ ಒಂದು ಪದದ ಮೆಸೇಜ್ ಬಗ್ಗೆ, ಅದಕ್ಕೆ ಉತ್ತರ ಕೊಡ್ತೀನಿ.

ಮೊದ್ಲನೇದಾಗಿ ಇಲ್ಲಿ ಅದನ್ನ ನಾವು ಹೇಳೋ ಥರ ಡ್ಯೂಡ್ ಅನ್ನಲ್ಲ, ಬಹಳ ಜನ ಡೂಡ್ ಅಂತಾರೆ, ಆ ಊಕಾರನ ಎಷ್ಟು ಎಳೀತಾರೆ, ರಾಗ ಮೇಲೆ ಹೋಗುತ್ತಾ ಕೆಳಗೆ ಬರುತ್ತಾ ಅದರ ಮೇಲೇ ಎಲ್ಲ ನಿಂತಿರೋದು. ಉದ್ದಕ್ಕೆ ಎಳೆದು "ಡೂಊಊಡ್" ಅಂದ್ರೆ ಆಶ್ಚರ್ಯ, ಏನೋ ಭಾರಿ ಸುದ್ದಿ ಕೇಳಿದಾಗ, ಒಳ್ಳೆ ಬೈಕ್ ನೋಡಿದಾಗ. ಕೊನೇಲಿ ರಾಗ ಏರಿಸಿ "ಡೂಡ್?" ಅಂದ್ರೆ ಏನಾಯ್ತು, ಹುಷಾರಾಗಿದ್ದೀಯಾ ಅಂತ. ಯಾರಾದ್ರೂ ಕಷ್ಟ ಹೇಳ್ಕೊಂಡಾಗ ಮೆಲ್ಲಗೆ ಇಳಿಸಿ "ಡೂಡ್..." ಅಂದ್ರೆ ಅಯ್ಯೋ ಪಾಪ, ನನಗೂ ಅರ್ಥ ಆಗುತ್ತೆ ಕಣೋ ಅಂತ. ಚಿಕ್ಕದಾಗಿ ಕತ್ತರಿಸಿದ ಹಾಗೆ "ಡೂಡ್." ಅಂದ್ರೆ ಸಾಕು ಬಿಡು, ಹಂಗಲ್ಲ ಅನ್ನೋ ಎಚ್ಚರಿಕೆ. ಬರವಣಿಗೇಲಿ ರಾಗ ಕೇಳ್ಸಲ್ವಲ್ಲ, ಆ ಫುಲ್‌ಸ್ಟಾಪೇ ರಾಗದ ಕೆಲಸ ಮಾಡುತ್ತೆ.

ಹಾಗಾಗಿ ನಿಮಗೆ ಬಂದಿದ್ದು "ಅಯ್ಯೋ, ಮತ್ತೆ ಮುಂದಕ್ಕಾ, ಏನಮ್ಮಾ ಇದು" ಅನ್ನೋ ಥರದ್ದು. ಸ್ವಲ್ಪ ಅಸಮಾಧಾನ ಇದೆ, ಇಲ್ಲ ಅನ್ನಲ್ಲ. ಆದ್ರೆ ಕೋಪ ಅಲ್ಲ. ನಿಜವಾಗ್ಲೂ ಕೋಪ ಬಂದಿದ್ರೆ ಡ್ಯೂಡ್ ಬಿಟ್ಟು ನಿಮ್ಮ ಪೂರ್ತಿ ಹೆಸರು ಬರೆದು, ನಿಮ್ಮ ಮ್ಯಾನೇಜರ್‌ನ ಸೇರಿಸಿ, ತುಂಬಾ ಮರ್ಯಾದೆಯಾಗಿ ಈಮೇಲ್ ಹಾಕ್ತಿದ್ರು. ಇಲ್ಲಿನವರು ಅತೀ ಮರ್ಯಾದೆ ಕೊಟ್ಟು ಮಾತಾಡಿದಾಗಲೇ ಹುಷಾರಾಗಬೇಕು.

ಗಂಗೋತ್ರಿಭಾಷೆ

ಇದಕ್ಕೆ ಒಂದು ಒಳ್ಳೆ ಅಧ್ಯಯನ ಇದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸ್ಕಾಟ್ ಕೀಸ್ಲಿಂಗ್ ಅನ್ನೋ ಭಾಷಾವಿಜ್ಞಾನಿ 2004ರಲ್ಲಿ ಅಮೆರಿಕನ್ ಸ್ಪೀಚ್ ಪತ್ರಿಕೇಲಿ ಬರೀ ಈ ಒಂದು ಪದದ ಮೇಲೆ ದೊಡ್ಡ ಲೇಖನ ಬರೆದ್ರು. ವಿದ್ಯಾರ್ಥಿಗಳಿಗೆ ಹೇಳಿ, ಎಲ್ಲೆಲ್ಲಿ ಡ್ಯೂಡ್ ಕೇಳಿಸಿತೋ ಯಾರು ಯಾರಿಗೆ ಅಂದ್ರೋ ಎಲ್ಲ ಬರೆಸಿದ್ರು. ಅವರು ಕಂಡುಕೊಂಡಿದ್ದು ಏನಂದ್ರೆ, ಇದು ಜಾಸ್ತಿ ಹುಡುಗ್ರು ಹುಡುಗ್ರಿಗೇ ಹೇಳೋದು, ಹುಡುಗೀರು ಹುಡುಗೀರಿಗೂ ಹೇಳ್ತಾರೆ, ಗಂಡು ಹೆಣ್ಣಿನ ನಡುವೆ ಕಮ್ಮಿ, ಅದರಲ್ಲೂ ಪ್ರೀತಿ ಪ್ರೇಮ ಇರೋ ಕಡೆ ಇನ್ನೂ ಕಮ್ಮಿ. ಕಾರಣ ಅವರು ಹೇಳೋದು ಹೀಗೆ: ನೀನು ನಮ್ಮವನೇ, ಹತ್ತಿರದವನೇ, ಆದ್ರೆ ತೀರಾ ಹತ್ತಿರ ಅಲ್ಲ. ಆ ಒಂದು ಅಂತರನ ಈ ಪದ ಹಿಡಿದಿಡುತ್ತೆ. ಎದುರಿಗಿರೋನಿಗೆ ಖಾರವಾಗಿ ಏನಾದ್ರೂ ಹೇಳಬೇಕಾದಾಗ ಮುಂದೆ ಒಂದು ಡ್ಯೂಡ್ ಹಾಕಿದ್ರೆ ಖಾರ ಇಳಿಯುತ್ತೆ ಅಂತಲೂ ತೋರಿಸಿದ್ದಾರೆ. ಮೇಡಂ ಮೆಸೇಜಿಗೆ ಇದು ಸರಿಯಾಗಿ ಹೊಂದುತ್ತೆ, ಬೇಡ ಅನ್ನೋದನ್ನ ಹೇಳ್ತಾನೂ ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಅನ್ನೋದನ್ನ ಒಂದೇ ಪದದಲ್ಲಿ ಮುಗಿಸಿದ್ದಾರೆ.

ಕುಕ್ಕರಹಳ್ಳಿವಾಕಿಂಗ್

ಎಲ್ಲ ಸರಿ ಸ್ವಾಮಿ, ಆದ್ರೆ ಡ್ಯೂಡ್ ಗಂಡು ಹೆಣ್ಣು ಇಬ್ಬರಿಗೂ ಒಂದೇ ಅಂತ ಹೇಳ್ತಾರಲ್ಲ ಅದನ್ನ ನಾನು ಪೂರ್ತಿ ಒಪ್ಪಲ್ಲ. ಹೆಣ್ಣುಮಗಳಾಗಿ ಹೇಳ್ತಿದ್ದೀನಿ. ಕರೆಯೋವಾಗ "ಡ್ಯೂಡ್, ಇಲ್ಲಿ ನೋಡು" ಅಂದ್ರೆ ಯಾರಿಗೆ ಬೇಕಾದ್ರೂ ಆಗುತ್ತೆ. ಆದ್ರೆ "ಅಲ್ಲೊಬ್ಬ ಡ್ಯೂಡ್ ನಿಂತಿದ್ದಾನೆ" ಅಂದಾಗ ಅದು ಗಂಡಸೇ, ಯಾರೂ ಹೆಂಗಸನ್ನ ಕಲ್ಪಿಸಿಕೊಳ್ಳಲ್ಲ. "ಎಷ್ಟು ಜನ ಡ್ಯೂಡ್‌ಗಳ ಜೊತೆ ಡೇಟ್ ಮಾಡಿದ್ದೀಯಾ" ಅಂತ ಒಬ್ಬ ಗಂಡಸಿಗೆ ಕೇಳಿ ನೋಡಿ, ಆ ಪದ ಎಷ್ಟು ಗಂಡು ಅಂತ ತಕ್ಷಣ ಗೊತ್ತಾಗುತ್ತೆ. ಹಾಗಾಗಿ ಕೆಲವು ಹೆಣ್ಮಕ್ಕಳಿಗೆ ಇಷ್ಟ ಆಗಲ್ಲ, ಟ್ರಾನ್ಸ್ ಹೆಣ್ಣುಮಕ್ಕಳಿಗಂತೂ ಅದು ಚುಚ್ಚಬಹುದು. ನನಗೆ ಹಂಗೆ ಅನ್ನಬೇಡಿ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಗೆ ನಿಲ್ಲಿಸಬೇಕು, ನಮ್ಮೂರಲ್ಲಿ ಎಲ್ರಿಗೂ ಅಂತೀವಪ್ಪ ಅಂತ ವಾದ ಮಾಡಬಾರದು. ಮೇಡಂ, ನಿಮಗೆ ಬೇಜಾರಾದ್ರೆ ಹೇಳೋ ಹಕ್ಕು ನಿಮಗೆ ಇದ್ದೇ ಇದೆ.

ಹಳೇಮೇಷ್ಟ್ರು

ಬಹಳ ಒಳ್ಳೆ ಮಾತು ತಾಯಿ. ಇಂಗ್ಲಿಷಿನ ಗಯ್ ಅನ್ನೋ ಪದಕ್ಕೂ ಇದೇ ದಾರಿ. 1605ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಡಿ ಮದ್ದಿಟ್ಟ ಸಂಚಿನಲ್ಲಿ ಸಿಕ್ಕಿಬಿದ್ದ ಗಯ್ ಫಾಕ್ಸ್ ಇದ್ದನಲ್ಲ, ಪ್ರತಿ ವರ್ಷ ನವೆಂಬರ್ 5ಕ್ಕೆ ಅವನ ಬೊಂಬೆ ಮಾಡಿ ಸುಡ್ತಾರೆ, ಆ ಬೊಂಬೆಗೆ ಗಯ್ ಅಂತ ಹೆಸರು. ಆಮೇಲೆ ವಿಚಿತ್ರವಾಗಿ ಬಟ್ಟೆ ಹಾಕ್ಕೊಂಡೋನು ಗಯ್ ಆದ, ಆಮೇಲೆ ಯಾವ ಗಂಡಸಾದ್ರೂ ಗಯ್, ಈಗ "ಗಯ್ಸ್" ಅಂದ್ರೆ ಹೆಣ್ಮಕ್ಕಳ ಗುಂಪೂ ತಿರುಗಿ ನೋಡುತ್ತೆ. ಎರಡೂ ಪದ ಬಟ್ಟೆ ನೋಡಿ ನಗೋದರಿಂದ ಹೊರಟು ಸ್ನೇಹಕ್ಕೆ ಬಂದು ನಿಂತಿವೆ.

ದೇವರಾಜಮಾರ್ಕೆಟ್

ನನಗೆ ಒಂದೇ ಪ್ರಶ್ನೆ, ನಮ್ಮಲ್ಲಿ ಗುರು ಇರುವಾಗ ಈ ಡ್ಯೂಡ್ ಬ್ರೋ ಎಲ್ಲ ಯಾಕೆ ಬೇಕು? ಅಂಗಡೀಲಿ ಕೂತ್ರೆ ಹತ್ತು ಜನ ಬಂದ್ರೆ ಎಂಟು ಜನ ಬ್ರೋ ಅಂತಾರೆ. ಮೊದ್ಲು ಅಣ್ಣ ಅಂತಿದ್ರು, ಗುರುವೇ ಅಂತಿದ್ರು, ಕೇಳೋಕೆ ಎಷ್ಟು ಚೆಂದ ಇತ್ತು. ಹೂವಿನ ಬೆಲೆ ಕೇಳೋಕೂ "ಬ್ರೋ ಮಾರು ಎಷ್ಟು" ಅಂತಾರೆ. ನನಗೆ ಅದು ಹಿಡಿಸಲ್ಲ.

ಗಂಗೋತ್ರಿಭಾಷೆ

ನಿಮ್ಮ ಬೇಜಾರು ಅರ್ಥ ಆಗುತ್ತೆ ಅಣ್ಣ, ನನಗೂ ಗುರು ಅಂದ್ರೆ ಪ್ರಾಣ. ಆದ್ರೆ ಗುರು ಮಾಡಿರೋ ಪ್ರಯಾಣ ನೋಡಿ, ಮಠದ ಪೀಠದ ಮೇಲಿದ್ದ ಪದ, ಪಾದಕ್ಕೆ ಬಿದ್ದು ಹೇಳೋ ಪದ, ಅದು ಇಳಿದು ಆಟೋ ಸ್ಟ್ಯಾಂಡಿಗೆ ಬಂದು "ಗುರು, ಸ್ವಲ್ಪ ಸೈಡ್ ಕೊಡು" ಆಯ್ತು. ಶಿಷ್ಯನೂ ಅಷ್ಟೇ, "ಏನ್ ಸಿಸ್ಯಾ" ಅಂತೀವಿ. ಡ್ಯೂಡ್ ಆಡ್ಕೊಳ್ಳೋ ಕಡೆಯಿಂದ ಮೇಲಕ್ಕೆ ಹತ್ತಿ ಬಂತು, ಗುರು ಪೂಜೆ ಮಾಡೋ ಕಡೆಯಿಂದ ಕೆಳಕ್ಕೆ ಇಳಿದು ಬಂತು, ಇಬ್ರೂ ಗೆಳೆಯನ ಹೆಗಲ ಮೇಲೆ ಕೈ ಹಾಕೋ ಜಾಗದಲ್ಲಿ ಸೇರಿದ್ದಾರೆ. ಆದ್ರೆ ಒಂದು ವ್ಯತ್ಯಾಸ ಇದೆ, ಅಪರಿಚಿತನಿಗೂ ಗುರು ಅನ್ನಬಹುದು, ಪರಿಚಯ ಇಲ್ಲದೋರಿಗೆ ಮಗಾ ಅಂದ್ರೆ ಜಗಳ ಆಗುತ್ತೆ. ಡ್ಯೂಡ್ ಈ ಎರಡರ ಮಧ್ಯೆ ಎಲ್ಲೋ ಬರುತ್ತೆ.

ಕಬ್ಬಿನಗದ್ದೆಹೈದ

ನಮ್ಮಲ್ಲಿ ಇನ್ನೂ ಬಿಗಿ. ಹುಡುಗ್ರಿಗೆ "ಲಾ", "ಏನ್ಲಾ ಬಾರ್ಲಾ", ಹೆಣ್ಮಕ್ಕಳಿಗೆ "ಮ್ಮಿ", "ಏನಮ್ಮಿ ಬಾರಮ್ಮಿ". ಅದುಲು ಬದುಲು ಮಾಡಂಗೇ ಇಲ್ಲ. ದೊಡ್ಡೋರ್ಗೆ ಎರಡೂ ಇಲ್ಲ, ಅಣ್ಣೋ ಅಕ್ಕೋ ಮಾವೋ ಅನ್ಬೇಕು. ನಮ್ ಅಜ್ಜಿ ಒಬ್ರೇ ಊರಲ್ಲಿ ಎಲ್ರಿಗೂ ಲಾ ಅನ್ನೋದು, ಅವ್ರ್ ಬಾಯಲ್ಲಿ ಅದು ಪ್ರೀತಿ, ನಾನು ನಮ್ ಚಿಕ್ಕಪ್ಪಂಗೆ ಅಂದ್ರೆ ಬೆನ್ನಿಗೆ ಬೀಳ್ತದೆ. ಗಂಡ್ಗೂ ಹೆಣ್ಗೂ ಆಗೋ ಒಂದ್ ಪದ ಇಲ್ದೇ ಇರೋದ್ಕೇ ಕಾಲೇಜ್ ಹುಡ್ಗೀರು ಈ ಡ್ಯೂಡ್ ಇಡ್ಕೊಂಡವ್ರೆ ಅನ್ಸುತ್ತೆ ನಂಗೆ.

ಅಂದಂಗೆ ನಂದೂ ಒಂದ್ ಪ್ರಶ್ನೆ ಸ್ಯಾನ್‌ಹೊಸೆ ಅಣ್ಣಂಗೆ. ನಂಗೆ ಈ ವರ್ಷ ಕ್ಯಾಂಪಸ್ ಇಂಟರ್‌ವ್ಯೂ ಅದೆ. ಸ್ಟೈಲಾಗಿ ಡ್ಯೂಡ್ ಅಂತ ಮಧ್ಯೆ ಮಧ್ಯೆ ಹಾಕಿದ್ರೆ ಇಂಗ್ಲಿಷ್ ಚೆನ್ನಾಗ್ ಬತ್ತದೆ ಅನ್ಕೊಳ್ತಾರಾ?

ಸ್ಯಾನ್‌ಹೊಸೆಮೈಸೂರಿಗ

ಖಂಡಿತ ಬೇಡ ತಮ್ಮ. ಇಂಟರ್‌ವ್ಯೂನಲ್ಲಿ ಬೇಡ, ಮೊದಲನೇ ಈಮೇಲಲ್ಲಿ ಬೇಡ, ನಿಮಗಿಂತ ಮೇಲಿರೋರಿಗೆ ಅವರಾಗೇ ಶುರು ಮಾಡೋ ತನಕ ಬೇಡ. ಅಮೆರಿಕದಲ್ಲೂ ಜಡ್ಜಿಗೋ, ಹೆಣ್ಣು ಕೊಡೋ ಮಾವನಿಗೋ, ಪೊಲೀಸಿಗೋ ಡ್ಯೂಡ್ ಅಂದ್ರೆ ಮುಖ ಗಂಟು ಹಾಕ್ಕೊಳ್ತಾರೆ. ಟ್ರಾಫಿಕ್ ಪೊಲೀಸ್ ಗಾಡಿ ನಿಲ್ಲಿಸಿದಾಗ ನನ್ನ ರೂಂಮೇಟ್ ಬಾಯಿ ತಪ್ಪಿ ಡ್ಯೂಡ್ ಅಂದ, ಪೊಲೀಸಪ್ಪ ಚೀಟಿ ಬರೆಯೋದು ನಿಲ್ಲಿಸಿ ಒಂದು ಕ್ಷಣ ಅವನನ್ನೇ ನೋಡಿದ್ರು, ದಂಡ ಅಂತೂ ಕಮ್ಮಿ ಆಗ್ಲಿಲ್ಲ. ಇಂಗ್ಲೆಂಡ್, ಆಸ್ಟ್ರೇಲಿಯಾ ಕಡೆಯ ಕಂಪನಿ ಆದ್ರೆ ಅಲ್ಲಿ ಅದರ ಜಾಗದಲ್ಲಿ ಮೇಟ್ ಅನ್ನೋದು ಜಾಸ್ತಿ. ನಿಮಗೆ ಬರೋ ಸರಳ ಇಂಗ್ಲಿಷಲ್ಲಿ ನಿಧಾನಕ್ಕೆ ಹೇಳಿ, ಅದೇ ಚೆನ್ನಾಗಿ ಕೇಳ್ಸುತ್ತೆ.

ಮೆಟ್ಲುಹತ್ತೋಳು

ಅಬ್ಬಾ ಇಷ್ಟೆಲ್ಲ ಇದೆಯಾ ಒಂದು ಪದದಲ್ಲಿ! ಎಲ್ರಿಗೂ ತುಂಬಾ ಥ್ಯಾಂಕ್ಸ್. ನನಗೆ ಆ ಪದದಿಂದ ಬೇಜಾರೇನಿಲ್ಲ, ಅರ್ಥ ಗೊತ್ತಿಲ್ಲದೇ ಇದ್ದದ್ದೇ ಹಿಂಸೆ ಆಗಿತ್ತು. ಕುಕ್ಕರಹಳ್ಳಿ ಮೇಡಂ ಹೇಳಿದ್ದು ಮನಸ್ಸಲ್ಲಿ ಇಟ್ಕೊಂಡಿದ್ದೀನಿ. ರಿಲೀಸ್ ಯಾಕೆ ಮುಂದಕ್ಕೆ ಹಾಕಬೇಕು ಅಂತ ಟೆಸ್ಟಿಂಗ್ ರಿಪೋರ್ಟ್ ಸಮೇತ ಇವತ್ತು ಅವರಿಗೆ ಬರೀತಿದ್ದೀನಿ, ಅವರ ತಲೇಲಿ ಇರೋದು ಅದೇ ಪ್ರಶ್ನೆ ಅಂತ ಈಗ ಗೊತ್ತಾಯ್ತಲ್ಲ. ಮೇಷ್ಟ್ರು ಬರೆದ ಆನೆ ಕೂದಲಿನ ಉತ್ತರನ ಫ್ಯಾಮಿಲಿ ಗ್ರೂಪಿಗೆ ಹಾಕಬಹುದಾ ಸರ್? ದೊಡ್ಡಪ್ಪ ಮೇಷ್ಟ್ರು ಅಂದ್ರೆ ಮಾತ್ರ ನಂಬೋದು.

ಹಳೇಮೇಷ್ಟ್ರು

ಧಾರಾಳವಾಗಿ ಹಾಕಮ್ಮ. ನಿನ್ನ ತಮ್ಮನಿಗೆ ಮಾತ್ರ ಹೇಳು, ಪದದಲ್ಲಿ ತಪ್ಪಿಲ್ಲ, ದೊಡ್ಡಪ್ಪನ ಎದುರಿಗೆ ಬೇಡ ಅಂತ.

ಗಂಗೋತ್ರಿಭಾಷೆ

ನನ್ನದೊಂದು ಕೋರಿಕೆ. ಮೈಸೂರು ಮಂಡ್ಯದಲ್ಲಿ ಯಾರು ಯಾರಿಗೆ ಡ್ಯೂಡ್ ಅಂತಾರೆ ಅನ್ನೋದನ್ನ ಎಲ್ಲಾದ್ರೂ ಕೇಳಿಸಿಕೊಂಡ್ರೆ, ಅರಸು ರಸ್ತೆ ಆಗಲಿ, ಸಂಜಯ ಸರ್ಕಲ್ ಆಗಲಿ, ಮೈಸೂರು ಟ್ರೈನಲ್ಲಾಗಲಿ, ಇಲ್ಲೇ ಬರೀರಿ. ಹೆಸರು ಬೇಡ, ಗಂಡಾ ಹೆಣ್ಣಾ, ಅಂದಾಜು ವಯಸ್ಸು, ಯಾವ ಸಂದರ್ಭ, ಅಷ್ಟು ಸಾಕು.

ಕಬ್ಬಿನಗದ್ದೆಹೈದ

ತಗೊಳ್ಳಿ ನಂದೇ ಮೊದ್ಲು. ಬೆಳಗ್ಗೆ ಟ್ರೈನು, ಶ್ರೀರಂಗಪಟ್ಟಣ ದಾಟಿತ್ತು, ಇಬ್ರು ಕಾಲೇಜ್ ಹುಡ್ಗೀರು. ಒಬ್ಳು "ಡ್ಯೂಡ್, ರೆಕಾರ್ಡ್ ಬುಕ್ ಮನೇಲೇ ಬುಟ್ಟೆ" ಅಂದ್ಳು, ಇನ್ನೊಬ್ಳು ಉದ್ದಕ್ಕೆ ಎಳ್ದು "ಡ್ಯೂಊಊಡ್" ಅಂದ್ಳು. ಪಕ್ಕದಲ್ಲಿದ್ದ ಹುಡುಗನ್ಗೆ ಅವ್ರು ಅಂದಿದ್ದು "ಬ್ರೋ, ಪೆನ್ ಇದ್ಯಾ".